ಬೆನ್ನ ಹಿಂದೆ ಟೌನೋ

ಟೌನೋ ಮತ್ತೆ ಹತ್ತಿರ ಬಂದಿದ್ದ. ಐಲಿ ತಿರುಗಿ ನೋಡಬೇಕಾಗಿರಲಿಲ್ಲ. ಅವನ ಬೂಟು ಕೆಸರಲ್ಲಿ ಪಚಕ್ ಪಚಕ್ ಎನ್ನುವುದು ಕಿವಿಗೇ ಬೀಳುತ್ತಿತ್ತು.

ಅವಳು ಸೈಕಲ್ಲನ್ನು ಹೆಗಲಿಗೇರಿಸಿ ಗುಡ್ಡ ಹತ್ತುತ್ತಿದ್ದಳು. ಪೆಡಲ್ ತುಳಿಯುವ ಮಾತು ಎರಡು ಮೈಲಿ ಹಿಂದೆಯೇ ಮುಗಿದಿತ್ತು. ಚಕ್ರ, ಚೈನು, ಬ್ರೇಕು ಎಲ್ಲ ಕೆಸರಿನ ಒಂದೇ ಮುದ್ದೆಯಾಗಿ, ಆ ಮುದ್ದೆ ಈಗ ಹೆಪ್ಪುಗಟ್ಟುತ್ತಿತ್ತು. ಸುಪೀರಿಯರ್ ಸರೋವರದ ಕಡೆಯ ಗಾಳಿ ಕಿವಿ ಕತ್ತರಿಸುತ್ತಿತ್ತು.

"ಏನತ್ತಿಗೆ, ಸೈಕಲ್ ನಿಮ್ಮನ್ನ ಹೊರಬೇಕೋ, ನೀವು ಸೈಕಲ್‌ನ ಹೊರಬೇಕೋ?"

"ಹತ್ತಿರ ಬಾ, ಹೇಳ್ತೀನಿ. ಬಾಯ್ತುಂಬಾ ಕೆಸರು ತುರುಕ್ತೀನಿ."

ತನ್ನ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಟೌನೋ ನಕ್ಕ. ಹತ್ತಿರ ಮಾತ್ರ ಬರಲಿಲ್ಲ.

ಐಲಿಗೆ ಐವತ್ತೊಂಬತ್ತು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಆಡಿಸಿದವಳು. ಪ್ರತಿ ನವೆಂಬರಿನಲ್ಲಿ ಊರಲ್ಲಿ ಈ ಪಂದ್ಯ ನಡೆಯುತ್ತದೆ. ಮೊದಲು ಓಟ, ಆಮೇಲೆ ಸೈಕಲ್, ಮತ್ತೆ ಓಟ. ಅವಳ ಜಾಗ ಯಾವಾಗಲೂ ಕೊನೆಯ ಗೆರೆಯಾಚೆಯ ಡೇರೆ. ನಡುಗುತ್ತ ಬಂದವರ ಕೈಗೆ ಬಟಾಣಿ ಸೂಪು ಕೊಡುವುದು ಕೆಲಸ. ಹಾದಿಯಲ್ಲಿ ಏನು ನಡೆಯುತ್ತದೆಂದು ಅವಳು ಒಂದು ಸಲವೂ ನೋಡಿರಲಿಲ್ಲ.

ಈ ಬೇಸಗೆಯಲ್ಲಿ, ಮನೆಯವರ ಹಬೆಸ್ನಾನದ ಕೋಣೆಯಾದ ಸೌನಾದ ಮೆಟ್ಟಿಲ ಮೇಲೆ ಕೂತು, "ಈ ಸಲ ನಾನೂ ಓಡ್ತೀನಿ" ಎಂದುಬಿಟ್ಟಳು. ಮೈದುನ ಟೌನೋನ ಮೂಗಿನಿಂದ ಬಿಯರ್ ಹೊರಗೆ ಬಂತು. ಮನೆಮಂದಿಯೆಲ್ಲ ನಕ್ಕರು. ಗಂಡನೂ ನಕ್ಕ. ಅದು ಅವಳಿಗೆ ನಾಟಿತು.

"ನಿನಗಿಂತ ಮುಂಚೆ ಗೆರೆ ದಾಟದಿದ್ರೆ ಕೇಳು," ಎಂದು ಟೌನೋಗೆ ಸವಾಲು ಹಾಕಿದಳು.

ಮಾತು ಬರೀ ರೋಷದ್ದಲ್ಲ. ಟೌನೋ ಹದಿನಾಲ್ಕು ಸಲ ಗೆದ್ದವನು, ನಿಜ. ಆದರೆ ಹೋದ ವರ್ಷ ಎಲ್ಲರೂ ಬಂದು ಹೋದ ಮೇಲೆ ಸೂಪಿಗೆ ಬಂದಿದ್ದ. ಪಾತ್ರೆಯ ತಳ ಕೆರೆದು ಬಡಿಸಿದವಳು ಅವಳೇ. ಇವನ ಕಾಲ ಮುಗಿಯಿತು ಎಂದು ಆಗಲೇ ಲೆಕ್ಕ ಹಾಕಿದ್ದಳು. ಸೋತರೆ ಮಾತ್ರ ಇಡೀ ಚಳಿಗಾಲ, ಪ್ರತಿ ಶನಿವಾರದ ಸೌನಾದಲ್ಲಿ, ಅದೇ ನಗು ಕೇಳಬೇಕು. ಸಾಯುವವರೆಗೂ ಸೌಟೇ ಗತಿ.

ಬೆಳಿಗ್ಗೆ ಹೊರಡುವಾಗ ಅವನು ಬೆನ್ನಿಗೆ ದೊಡ್ಡ ಚೀಲ ಬಿಗಿದುಕೊಂಡು, ತೀರಾ ಹಿಂದೆ ನಿಂತಿದ್ದ.

"ನಾನು ನಿಮ್ಮನ್ನ ದಾಟಿದ ಕ್ಷಣಕ್ಕೆ ನಿಮ್ಮ ಓಟ ಮುಗೀತು, ಅತ್ತಿಗೆ. ನೆನಪಿರಲಿ."

ಎಷ್ಟು ಸೊಕ್ಕು ಈ ಮುದುಕನಿಗೆ! ಅವಳು ಮುಂದಕ್ಕೆ ಓಡಿದಳು. ಅಲ್ಲಿಂದ ಇಲ್ಲಿವರೆಗೂ ಅವನು ಹಿಂದೆಯೇ. ಉಳಿದವರೆಲ್ಲ ಯಾವಾಗಲೋ ಮುಂದೆ ಹೋಗಿದ್ದರು. ಅವರ ಗೊಡವೆ ಅವಳಿಗೆ ಬೇಕಿರಲಿಲ್ಲ. ಅವಳ ಪಂದ್ಯ ಒಬ್ಬನ ಜೊತೆ.

ಆ ಒಬ್ಬ ವಿಚಿತ್ರವಾಗಿ ಆಡುತ್ತಿದ್ದ. ಮೈಲಿಗೆ ಹತ್ತು ಸಲ ಮರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ವಯಸ್ಸಾದ ಗಂಡಸರ ಪಾಡೇ ಇಷ್ಟು ಎಂದು ಐಲಿ ಮುಖ ತಿರುಗಿಸಿ ಹೆಜ್ಜೆ ಚುರುಕು ಮಾಡುತ್ತಿದ್ದಳು. ಅವನು ನಿಂತಷ್ಟು ಹೊತ್ತು ತನಗೇ ಲಾಭ.

ಸೈಕಲ್ ಬಿಟ್ಟು ಹೋಗುವ ಕಟ್ಟೆಯಲ್ಲಿ ಒಬ್ಬ ಹುಡುಗಿ ಮೇಜು ಮಡಚುತ್ತಿದ್ದಳು. ಟೌನೋನನ್ನು ಕಂಡು ಗಡಿಯಾರ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಟೌನೋ ಅವಳತ್ತ ಕಣ್ಣು ಹೊಡೆದ. ಹುಡುಗಿ ನಕ್ಕು ಮತ್ತೆ ಮೇಜು ಮಡಚತೊಡಗಿದಳು.

"ಮೊಮ್ಮಗಳ ವಯಸ್ಸಿನವಳಿಗೆ! ನಾಚಿಕೆ ಇಲ್ವೇನೋ ನಿಂಗೆ?"

"ಬೈಯೋ ಉಸಿರನ್ನ ಓಡೋಕೆ ಇಟ್ಕೊಳ್ಳಿ, ಅತ್ತಿಗೆ."

ಕೊನೆಯ ಮೈಲಿಯಲ್ಲಿ ಹಳ್ಳ. ಅಂಚಿನಲ್ಲಿ ತೆಳು ಮಂಜುಗಡ್ಡೆ, ನಡುವೆ ತೊಡೆಯ ಮಟ್ಟದ ನೀರು. ಐಲಿ ನಾಲ್ಕು ಹೆಜ್ಜೆ ಇಟ್ಟಳು, ಐದನೆಯದಕ್ಕೆ ಜಾರಿದಳು. ನೀರು ಎದೆಗೇರಿ ಉಸಿರೇ ನಿಂತಂತಾಯಿತು. ಹೇಗೋ ತೆವಳಿ ಆಚೆ ದಡದ ಕೆಸರಿಗೆ ಬಿದ್ದಳು. ಕಾಲು ತನ್ನದೆನಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಅವನಿಗೆ ಕಾಣದಿರಲಿ ಎಂದು ಮುಖಕ್ಕೆ ಇನ್ನಷ್ಟು ಕೆಸರು ಬಳಿದುಕೊಂಡಳು.

ಪಕ್ಕದಲ್ಲೇ ಅಡ್ಡ ಬಿದ್ದ ಮರವಿತ್ತು. ಟೌನೋ ಅದರ ಮೇಲೆ ನಡೆದು ಬಂದ, ಅವಳಿಗಿಂತ ಎರಡು ಹೆಜ್ಜೆ ಹಿಂದೆ ನಿಂತ.

"ಹೋಗೋ. ದಾಟ್ಕೊಂಡು ಹೋಗು. ನಂಗಾಗಲ್ಲ."

"ಅಷ್ಟು ಸಲೀಸಾಗಿ ಬಿಡ್ತೀನಾ? 'ನಂಗೆ ಸೂಪು ಬಡಿಸೋದೇ ಸರಿ' ಅಂತ ಬಾಯ್ಬಿಟ್ಟು ಹೇಳಿ. ಆಮೇಲೆ ದಾಟ್ತೀನಿ."

ಐಲಿ ಹಲ್ಲು ಕಚ್ಚಿದಳು. ಕೈಗೆ ಸಿಕ್ಕ ಕೆಸರುಂಡೆ ಅವನತ್ತ ಬೀಸಿದಳು. ಅದು ಸರಿಯಾಗಿ ಮೂತಿಗೇ ಬಿತ್ತು. ಆ ಸಂತೋಷಕ್ಕೇ ಎದ್ದಳು. ಎದ್ದವಳು ನಡೆದಳು, ನಡೆದವಳು ಓಡಿದಳು.

ಗೆರೆಯ ಹತ್ತಿರ ಜನ ಹೆಚ್ಚಿರಲಿಲ್ಲ. ಗಂಡ ಕಂಬಳಿ ಹಿಡಿದು ನಿಂತಿದ್ದ, ಈಗ ನಗುತ್ತಿರಲಿಲ್ಲ. ಕೊನೆಯ ನೂರು ಗಜ ಅವಳು ಕಣ್ಣುಮುಚ್ಚಿ ಓಡಿದಳು. ಕಿವಿಯಲ್ಲಿ ಬರೀ ಪಚಕ್ ಪಚಕ್. ಗೆರೆ ದಾಟಿದಳು. ಎರಡು ಹೆಜ್ಜೆ ಹಿಂದೆ ಟೌನೋ.

"ಗೆದ್ದೆ!" ಎಂದು ಕಿರುಚಿದಳು. "ಅವನನ್ನ ಗೆದ್ದೆ ಕಣ್ರೀ!"

ಗಂಡ ಅವಳಿಗೆ ಕಂಬಳಿ ಸುತ್ತಿ ಡೇರೆಯ ಕಡೆ ಕರೆದುಕೊಂಡು ಹೋದ. ಯಾರೋ ಕೈಗೆ ಬಿಸಿ ಸೂಪು ಕೊಟ್ಟರು. ಪಂದ್ಯದ ಉಸ್ತುವಾರಿಯ ಲೊರೇನ್ ಮಾತ್ರ ಗಡಿಯಾರ ಹಿಡಿದು ನೇರ ಟೌನೋನ ಬಳಿ ಬಂದಳು. ಅವನು ಚೀಲ ಬೋರಲು ಹಾಕಿದ. ಹಾದಿಯುದ್ದಕ್ಕೂ ಮರಮರಕ್ಕೆ ಕಟ್ಟಿದ್ದ ಗುರುತಿನ ಪಟ್ಟಿಗಳೆಲ್ಲ ಕಾಲಬಳಿ ರಾಶಿ ಬಿದ್ದವು.

"ಹೋದ ವರ್ಷ ಈ ಕೆಲಸ ಚೆನ್ನಾಗಿ ಮಾಡಿದ್ದೆ ಅಂತ ಮತ್ತೆ ನಿಂಗೇ ವಹಿಸಿದ್ದು, ಟೌನೋ. ಕೊನೆಯವರ ಹಿಂದೆ ಪಟ್ಟಿ ಬಿಚ್ಕೊಂಡು ಬಾ, ಎರಡು ಗಂಟೆ ಆದ ತಕ್ಷಣ ಅವರನ್ನ ದಾಟಿ ಪಂದ್ಯ ಮುಗಿಸು ಅಂತ. ಈಗ ಮೂರೂವರೆ! ಎಲ್ಲಿದ್ದೆ ಇಷ್ಟು ಹೊತ್ತು?"

ಟೌನೋ ಮೂತಿಯ ಕೆಸರು ಒರೆಸಿಕೊಂಡ. "ಏನ್ಮಾಡ್ಲಿ ಲೊರೇನ್, ಅತ್ತಿಗೇನ ದಾಟೋಕೇ ಆಗ್ಲಿಲ್ಲ."