ಕೇಳದ ಪ್ರಶ್ನೆ

ಇಂಗ್ಲಿಷ್ ಮೇಷ್ಟ್ರು ವರ್ಷವೆಲ್ಲ ತರಗತಿಯ ಹುಡುಗಿ ಚಿಕ್ಕತಾಯಿಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ಸರಿ ಉತ್ತರ ಹೇಳಿದವರು ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯುವುದು ಆ ತರಗತಿಯ ಪದ್ಧತಿ. ಕೇರಿಯ ಹುಡುಗಿ ಮೇಲ್ಜಾತಿಯ ಹುಡುಗರನ್ನು ಮುಟ್ಟಿದರೆ ಊರಿನವರು ಜಗಳಕ್ಕೆ ಬರುತ್ತಾರೆಂದು ಮೇಷ್ಟ್ರಿಗೆ ಭಯ.

ನಿನ್ನೆ ಅವಳವ್ವ ದಾರಿಯಲ್ಲಿ ತಡೆದು, "ನಮ್ಮುಡ್ಗಿ ಅಷ್ಟೊಂದು ದಡ್ಡಿಯಾ ಸಾ? ನೀವು ಒಂದಿನಾನೂ ಏನೂ ಕೇಳಕಿಲ್ವಂತೆ" ಎಂದಿದ್ದಳು. ಆಮೇಲೆ ಮೇಷ್ಟ್ರಿಗೆ ಊಟ ಸೇರಿರಲಿಲ್ಲ.

ಇಂದು ಬೋರ್ಡಿನ ವಾಕ್ಯದಲ್ಲಿ ವರ್ಬ್ ಯಾವುದೆಂದು ಕೇಳಿದಾಗ ಹುಡುಗರೆಲ್ಲ ಉತ್ತರ ಬಾರದೆ ನಿಂತರು. ಮೇಷ್ಟ್ರು ಅವಳತ್ತ ತಿರುಗಿದರು.

"ನೀನು ಹೇಳಮ್ಮ."

ಅವಳು ವರ್ಬ್ ಹೇಳಿದಳು. ಸಬ್ಜೆಕ್ಟು, ಆಬ್ಜೆಕ್ಟುಗಳನ್ನೂ ಹೇಳಿದಳು.

"ಶಭಾಷ್! ಈ ಎಮ್ಮೆಗಳ ಮೂಗು ಹಿಡಿದು ಹೊಡಿ. ಯಾರು ಬರ್ತಾರೋ ಬರ್ಲಿ, ನಾನಿದ್ದೀನಿ."

ಅವಳು ಕದಲಲಿಲ್ಲ.

"ಹೊಡಿಯಲ್ಲ ಸಾ. ನನ್ನ ಕೇಳ್ದೆ ಬಿಟ್ಟೋರು ಅವ್ರಲ್ಲ."