ತಂಬಿಗೆಯ ನೀಲಿ

ಕೂದಲಿಗೆ ಬಣ್ಣ ಹಚ್ಚುವಾಗಲೆಲ್ಲ ಅದರ ಅಮೋನಿಯಾ ಘಾಟು ನನ್ನನ್ನು ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂಗೆ, ಆ ಒಂದು ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಅಪ್ಪ ಅಲ್ಲಿಯ ಲ್ಯಾಬೊಂದರಲ್ಲಿ ನೀರು ಪರೀಕ್ಷಿಸುತ್ತಿದ್ದ. ಅವ್ವ ಧಾರವಾಡದ ತವರಿಗೆ ಹೋಗಿ ಬಹಳ ದಿನವಾಗಿತ್ತು; ಯಾವಾಗ ಬರುತ್ತಾಳೆಂದು ನಾನು ದಿನವೂ ಕೇಳುತ್ತಿದ್ದೆ. ಮನೆಯಲ್ಲಿ ಕನ್ನಡ ಮಾತಾಡಲು ನಾವಿಬ್ಬರೇ ಉಳಿದಿದ್ದೆವು. ಶಾಲೆಗೆ ರಜೆಯಿದ್ದರೆ ಅಪ್ಪ ನನ್ನನ್ನೂ ಲ್ಯಾಬಿಗೆ ಕರೆದೊಯ್ದು, ಯಾವುದೋ ದ್ರಾವಣ ಕೊಟ್ಟು, ಬಣ್ಣ ನೋಡಿ ಲೋಹದ ಹೆಸರು ಹೇಳಿಸುತ್ತಿದ್ದ. ಆ ದಿನ ಅವನನ್ನೇ ಸೋಲಿಸಬೇಕೆಂದು ನಾನು ಮನೆಯಿಂದ ಒಂದು ಶೀಶೆ ಒಯ್ದಿದ್ದೆ.

“ಇದರಾಗ ಏನೈತಿ, ಹೇಳಪ್ಪಾ.”

ಶೀಶೆಯ ತಿಳಿಹಸಿರು ನೀರನ್ನು ಗಾಜಿನ ನಳಿಕೆಗೆ ಸುರಿದು ಅಪ್ಪ ಹನಿಹನಿಯಾಗಿ ಅಮೋನಿಯಾ ಬಿಟ್ಟ. ಶಾಯಿ ಚೆಲ್ಲಿದಂತೆ ಕಡುನೀಲಿ ಹರಡಿತು.

“ತಾಮ್ರ,” ಎಂದು ನಕ್ಕ. “ಎಲ್ಲಿಂದ ತಂದಿ?”

“ಅವ್ವನ ತಂಬಿಗಿಗೆ ಕಿಲುಬು ಹತ್ತಿತ್ತು. ಕೆರದು ನಿಂಬಿ ರಸದಾಗ ಹಾಕೀನಿ.”

ಅವ್ವ ಇದ್ದಾಗ ಆ ತಂಬಿಗೆ ಒಂದು ದಿನವೂ ಹೊಳಪು ಕಳೆದುಕೊಂಡಿರಲಿಲ್ಲ. ಅಪ್ಪ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

ಸಂಜೆ ಮನೆಗೆ ಬಂದವನೇ ಹುಣಸೆಹಣ್ಣು ನೆನೆಹಾಕಿ ತಂಬಿಗೆ ತಿಕ್ಕಿದ. ಮರುದಿನವೂ ತಿಕ್ಕಿದ. ಅವ್ವ ಯಾವಾಗ ಬರುತ್ತಾಳೆಂದು ಆಮೇಲೆ ನಾನು ಕೇಳಲಿಲ್ಲ.