ನೆಟ್ಟಗಿಟ್ಟ ಫಲಕ

"ಹತ್ತು ನಿಮಿಷ ನನ್ನ ಜಾಗದಲ್ಲಿ ಕೂತಿರಿ, ನಮ್ಮ ಮಂತ್ರಿಯ ಒಪ್ಪಿಗೆ ತಗೊಂಡು ಬರ್ತೀನಿ. ಇವತ್ತು ಇಲ್ಲಿ ಹೇಳಿಬಿಟ್ಟರೆ ಸಾಕು, ಆಮೇಲೆ ಅವರು ಹಿಂದೆ ಸರಿಯೋ ಹಾಗಿಲ್ಲ," ಎಂದು ಯೂನುಸ್‌ಗೆ ಹೇಳಿ ರಾಯಭಾರಿ ಲೋಸಾ ಮೇಡಂ ಫೋನು ಹಿಡಿದು ಸಭಾಂಗಣದಿಂದ ಹೊರಗೆ ಓಡಿದರು.

ಶುಕ್ರವಾರ ಸಂಜೆ ಐದೂವರೆ. ನ್ಯೂಯಾರ್ಕಿನಲ್ಲಿ ದೇಶದೇಶಗಳವರು ಸೇರಿದ ಸಭೆಯ ಕೊನೆಯ ದಿನ. ಲೋಸಾ ಅವರ ದ್ವೀಪದಲ್ಲಿ ಆಗ ಶನಿವಾರದ ಬೆಳಗು. ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ ತಮ್ಮ ಬಾವುಟದ ಒಂದು ಹಡಗೂ ಬಲೆ ಬೀಸುವುದಿಲ್ಲ, ಅದನ್ನು ಕಾಯಲು ಉಳಿದವರೂ ಬನ್ನಿ ಎಂದು ಆ ಪುಟ್ಟ ದೇಶ ಇಲ್ಲಿ ಮಾತು ಕೊಡಬೇಕಿತ್ತು. ಸೋಮವಾರ ಮೀನಿನ ಕಂಪನಿಯವರು ಅದೇ ಬಾವುಟದಡಿ ಅಲ್ಲಿ ಬಲೆ ಬೀಸುವ ಪರವಾನಗಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಮಂತ್ರಿಯ ಮನೆಗೇ ಬರುವವರಿದ್ದರು.

ಜರ್ಸಿ ಸಿಟಿಯ ಬ್ಯಾಂಕಿನಲ್ಲಿ ಲೇಆಫ್ ಆಗಿ ವರ್ಷ ಕಳೆದಿದ್ದ ಯೂನುಸ್, ಆ ದೇಶದ ಎರಡು ಕೋಣೆಯ ಕಚೇರಿಯಲ್ಲಿ ಟೈಪು ಮಾಡಲು ಸೇರಿ ಮೂರು ವಾರ. ಸಭೆಯೊಳಗೆ ಕಾಲಿಟ್ಟದ್ದು ಇದೇ ಮೊದಲು. ನೀರಿನ ಲೋಟ ಇಡುತ್ತ ಬಂದ ದಿವಾಕರ ನಕ್ಕ. ಮೈಸೂರಿನವನು, ಯೂನುಸ್‌ಗೆ ಹಳೆಯ ಪರಿಚಯ, ಹದಿನೈದು ವರ್ಷದಿಂದ ಇದೇ ಸಭಾಂಗಣದ ಕೆಲಸಗಾರ.

"ಏನ್ ಸಾಹೇಬ್ರೇ, ಬ್ಯಾಂಕ್ ಮುಳುಗಿಸಿದ್ದು ಸಾಲ್ದು ಅಂತ ದ್ವೀಪಾನೂ ಮುಳುಗ್ಸೋಕೆ ಬಂದ್ರಾ?"

"ನಾನು ಕುರ್ಚಿ ಕಾಯೋನು ಅಷ್ಟೇ ಮಾರಾಯ್ರೆ. ನಮ್ಮಪ್ಪ ಚಾನೆಲ್ ಏರಿ ಮೇಲೆ ನೀರಿನ ಸರದಿಗೆ ಹಿಂಗೇ ಕೂತಿರೋರು. ತೂಕಡಿಸಿದ್ರೆ ನೀರು ಪಕ್ಕದ ಗದ್ದೆಗೆ ಹೋಗ್ಬಿಡೋದು."

"ಹಂಗಾದ್ರೆ ತೂಕಡಿಸ್ಬೇಡಿ. ಆರಕ್ಕೆ ಭಾಷಾಂತರದವ್ರು ಎದ್ದು ಹೋದ್ರೆ ಸಭೆ ಖತಂ," ಎಂದು ದಿವಾಕರ ಮುಂದಿನ ಸಾಲಿಗೆ ನಡೆದ.

ಯೂನುಸ್ ತೂಕಡಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತ. ಮೇಜಿನ ಮೇಲೆ ದೇಶದ ಹೆಸರು ಬರೆದ ಉದ್ದನೆಯ ಫಲಕ ತುದಿಯ ಮೇಲೆ ನಿಂತಿತ್ತು. ಅಕ್ಷರಗಳೆಲ್ಲ ಪಕ್ಕಕ್ಕೆ ಹೊರಳಿದ್ದವು. ಅವಸರದಲ್ಲಿ ಎದ್ದವರ ಕೈ ತಗುಲಿರಬೇಕು ಅಂದುಕೊಂಡ. ಬಾಗಿಲಲ್ಲಿ ಚಪ್ಪಲಿ ಮಗುಚಿ ಬಿದ್ದಿದ್ದರೂ ಸರಿಮಾಡಿಟ್ಟೇ ಒಳಗೆ ಬಾ ಎಂದು ಅಮ್ಮಿ ಕಲಿಸಿದ ಕೈ ಅದು. ಇದಂತೂ ಒಂದು ದೇಶದ ಹೆಸರು. ಮೆಲ್ಲಗೆ ಮಲಗಿಸಿ, ಎಲ್ಲರಿಗೂ ಓದಲು ಬರುವಂತೆ ಇಟ್ಟ. ವೇದಿಕೆಯ ಬದಿಯಲ್ಲಿದ್ದ ಹೆಂಗಸು ಇತ್ತ ನೋಡಿ, ತನ್ನ ಪಟ್ಟಿಯಲ್ಲಿ ಒಂದು ಗೆರೆ ಎಳೆದಳು.

ಆರಕ್ಕೆ ಐದು ನಿಮಿಷವಿರುವಾಗ ಲೋಸಾ ಏದುಸಿರು ಬಿಡುತ್ತ ಬಂದರು. "ಒಪ್ಪಿದರು!" ಎಂದವರ ಕಣ್ಣು ಮೇಜಿನ ಮೇಲೆ ಬಿತ್ತು. ಫಲಕವನ್ನು ಎತ್ತಿ ಮತ್ತೆ ತುದಿಯ ಮೇಲೆ ನಿಲ್ಲಿಸಿದರು. ಕೈ ಎತ್ತಿದರು. ಅಧ್ಯಕ್ಷರು ಆಗಲೇ ಎಲ್ಲರಿಗೂ ವಂದನೆ ಹೇಳುತ್ತಿದ್ದರು. ಸಭೆ ಮುಗಿಯಿತೆಂದು ಸುತ್ತಿಗೆ ಬಡಿದರು. ಗಾಜಿನ ಗೂಡುಗಳಲ್ಲಿ ಭಾಷಾಂತರದವರ ದೀಪಗಳು ಒಂದೊಂದಾಗಿ ಆರಿದವು.

"ಮಾತಾಡ್ಬೇಕು ಅನ್ನೋರು ಫಲಕ ನಿಲ್ಲಿಸ್ತಾರೆ ಸಾಹೇಬ್ರೇ," ದಿವಾಕರ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಮಲಗಿಸಿದ್ರೆ, ಬೇಡ ಅಂತ ಪಟ್ಟಿಯಿಂದ ಹೆಸ್ರು ಹೊಡ್ದುಹಾಕ್ತಾರೆ." ಈಗ ಅವನು ನಗುತ್ತಿರಲಿಲ್ಲ.

ಯೂನುಸ್ ಎದ್ದು ನಿಂತ. "ಮೇಡಂ, ನಾನೇ ಅದನ್ನ... ಕೈ ತಗುಲಿ ಹೊರಳಿದೆ ಅಂದ್ಕೊಂಡೆ. ಬರೆದು ಕೊಡಬಹುದಲ್ವಾ?"

"ಕೊಡಬಹುದು. ತಗೊಂಡು ಕಡತದಲ್ಲಿ ಇಟ್ಟುಕೊಳ್ತಾರೆ. ಎಲ್ಲರೆದುರು ಹೇಳಿದ ಹಾಗಾಗಲ್ಲ," ಎಂದರು ಲೋಸಾ. "ಹೇಳಿಕೊಡದೆ ಹೋದದ್ದು ನನ್ನ ತಪ್ಪು. ಮಂತ್ರಿಗೆ ಏನಂತ ಹೇಳಲಿ?" ಮೂರು ನಿಮಿಷದ ಭಾಷಣದ ಹಾಳೆಯನ್ನು ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡರು. ಮತ್ತೆ ಫೋನು ಹಿಡಿದು ಹೊರಗೆ ಹೋದರು. ಈ ಸಲ ಓಡಲಿಲ್ಲ.

ದಿವಾಕರ ಗಾಡಿ ತಳ್ಳುತ್ತ ಸಾಲುಸಾಲಾಗಿ ಫಲಕಗಳನ್ನು ಎತ್ತಿ ಹಾಕಿಕೊಂಡು ಬಂದ. ಕೊನೆಗೆ ಇಡೀ ಸಭಾಂಗಣದಲ್ಲಿ ಒಂದೇ ಉಳಿಯಿತು, ತುದಿಯ ಮೇಲೆ ನಿಂತದ್ದು.

"ಸಾಹೇಬ್ರೇ, ಎತ್ಕೊಳ್ಲಾ?"

ಯೂನುಸ್ ಅದು ಬೀಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. "ಇನ್ನೊಂದ್ ನಿಮಿಷ ಇರ್ಲಿ," ಎಂದ.